ಓದುಗರ ಪ್ರಶ್ನೆ: ಹೆಬ್ಬಾಳದ ಹೊಲವೂ ನಾಡಿನ ಬೊಕ್ಕಸವೂ

ಸರ್ಕಾರದ ಹಣದಲ್ಲಿ ನಡೆಯುವ ಸಂಶೋಧನಾ ವಿಶ್ವವಿದ್ಯಾಲಯಗಳಿಂದ ನಾಡಿನ ಆರ್ಥಿಕತೆಗೆ ಏನು ಸಿಗುತ್ತದೆ ಎಂಬ ವಿಷಯವಾಗಿ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಯಲಹಂಕದಲ್ಲಿ ನೆಲೆಸಿದ್ದೇನೆ. ಬಳ್ಳಾರಿ ರಸ್ತೆಯಲ್ಲಿ ಓಡಾಡುವಾಗಲೆಲ್ಲ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಉದ್ದನೆಯ ಕಾಂಪೌಂಡು ಕಣ್ಣಿಗೆ ಬೀಳುತ್ತದೆ. ವಿಮಾನ ನಿಲ್ದಾಣ ಬಂದ ಮೇಲೆ ಈ ಭಾಗದ ಒಂದೊಂದು ಗುಂಟೆಯ ಬೆಲೆಯೂ ಎಲ್ಲಿಗೆ ಏರಿದೆ ಎಂಬುದು ತಮಗೆ ಗೊತ್ತು. ರಾಗಿ ಬೆಳೆಯಲು ಊರಾಚೆ ಜಾಗವಿಲ್ಲವೇ? ಆ ಜಮೀನನ್ನು ಉದ್ಯಮಗಳಿಗೆ ಕೊಟ್ಟರೆ ರಾಜ್ಯಕ್ಕೆ ಹೆಚ್ಚು ಲಾಭವಲ್ಲವೇ?
(ಓದುಗರು, ಯಲಹಂಕ)

ಉತ್ತರ: ಸಾವಿರ ಎಕರೆಗೂ ಮಿಗಿಲಾದ ನೆಲವನ್ನು ಇಂದಿನ ದರದಿಂದ ಗುಣಿಸಿದರೆ ದೊಡ್ಡ ಮೊತ್ತವೇ ಬರುತ್ತದೆ. ಬ್ಯಾಂಕಿನಲ್ಲಿ ದುಡಿದ ತಮಗೆ ಆ ಲೆಕ್ಕ ಮೊದಲು ಹೊಳೆದದ್ದು ಸಹಜ. ಅದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಲೆಕ್ಕವಿದೆ. ಅದರ ಹಣ ವಿಶ್ವವಿದ್ಯಾಲಯದ ಖಾತೆಗೆ ಬರದೆ ರೈತರ ಮನೆಯ ಕಣಜಕ್ಕೆ ಹೋಗಿರುವುದರಿಂದ ನಮಗೆ ಕಾಣುವುದಿಲ್ಲ.

ತಾವು ಹೇಳಿದ ರಾಗಿಯನ್ನೇ ತೆಗೆದುಕೊಳ್ಳೋಣ. ದೇಶದಲ್ಲಿ ಬೆಳೆಯುವ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ರಾಗಿಯ ಹೂವು ತೀರಾ ಸಣ್ಣದು, ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುವಂಥದ್ದು. ಹೀಗಾಗಿ ಎರಡು ತಳಿಗಳನ್ನು ಕೂಡಿಸಿ ಮೂರನೆಯದನ್ನು ಪಡೆಯುವುದು ಬಹಳ ತಾಳ್ಮೆಯ ಕೆಲಸ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ, ಜನ 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದ ಲಕ್ಷ್ಮಣಯ್ಯನವರು ಆ ತಾಳ್ಮೆಯನ್ನು ತಮ್ಮ ಇಡೀ ವೃತ್ತಿಜೀವನಕ್ಕೆ ಹಂಚಿಕೊಂಡು, ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳ ಒಂದು ಸಾಲನ್ನೇ ಹೊರತಂದರು. ಇಂಡಿಯಾ ಮತ್ತು ಆಫ್ರಿಕಾ ಎರಡೂ ಆ ಹೆಸರಿನಲ್ಲೇ ಇವೆ. ಮುಂದೆ 1990ರ ದಶಕದಲ್ಲಿ ಜಿಕೆವಿಕೆಯಿಂದ ಬಂದ ಜಿಪಿಯು-28 ತಳಿ, ತೆನೆಯ ಕುತ್ತಿಗೆಯನ್ನೇ ಸುಡುವ ಬೆಂಕಿ ರೋಗವನ್ನು ತಡೆದುಕೊಳ್ಳುವ ಗುಣದಿಂದಾಗಿ ಹಳೆಯ ಮೈಸೂರಿನ ಜಿಲ್ಲೆಗಳಲ್ಲೆಲ್ಲ ಹಬ್ಬಿತು.

ನಾನು ಮಾಗಡಿ ಕಡೆಯ ಒಕ್ಕಲು ಮನೆಯಲ್ಲಿ ಬೆಳೆದವನು. ಇಂಡಾಫ್ ಬೀಜ ನಮ್ಮೂರಿಗೆ ಬಂದ ವರ್ಷ ನಮ್ಮ ತಂದೆಯವರು ಅರ್ಧ ಹೊಲಕ್ಕೆ ಮನೆಯ ಬೀಜವನ್ನೂ ಇನ್ನರ್ಧಕ್ಕೆ ಹೊಸದನ್ನೂ ಬಿತ್ತಿ ನೋಡಿದರು. ಮರುವರ್ಷ ಇಡೀ ಹೊಲಕ್ಕೆ ಹೊಸದೇ ಬಿತ್ತು. ಆ ಸುಗ್ಗಿಯಲ್ಲಿ ನೆರೆಯವರು ನಮ್ಮ ಮನೆಗೆ ಬಂದು ಸೇರಿಗೆ ಸೇರು ಕೊಟ್ಟು ಬೀಜ ಬದಲಿಸಿಕೊಂಡು ಹೋದದ್ದು ನನಗೆ ನೆನಪಿದೆ. ಆ ವಿನಿಮಯದಲ್ಲಿ ಒಂದು ಪೈಸೆಯೂ ಕೈ ಬದಲಾಯಿಸಲಿಲ್ಲ, ರಸೀದಿಯೂ ಹುಟ್ಟಲಿಲ್ಲ. ತಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಮುಖ್ಯ ಭಾಗ ಇಲ್ಲಿಯೇ ಇದೆ ಎಂದು ನಾನು ಭಾವಿಸುತ್ತೇನೆ. ಒಮ್ಮೆ ಕೊಂಡ ಬೀಜವನ್ನು ರೈತ ವರ್ಷಗಟ್ಟಲೆ ತಾನೇ ಉಳಿಸಿಕೊಂಡು ಬಿತ್ತಬಲ್ಲ ಬೆಳೆಯಲ್ಲಿ ಖಾಸಗಿ ಕಂಪನಿಗೆ ಗಳಿಕೆ ಕಡಿಮೆ. ಗಳಿಕೆ ಇಲ್ಲದ ಕಡೆ ಅದು ಹತ್ತು ಹನ್ನೆರಡು ವರ್ಷ ಹಣ ಹಾಕಿ ಕಾಯುವುದಿಲ್ಲ, ಕಾಯಬೇಕೆಂದು ನಾವು ಅಪೇಕ್ಷಿಸುವುದೂ ನ್ಯಾಯವಲ್ಲ. ಆ ಕೆಲಸವನ್ನು ಸಾರ್ವಜನಿಕ ವಿಶ್ವವಿದ್ಯಾಲಯ ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಅದೇ ವಿಶ್ವವಿದ್ಯಾಲಯದಲ್ಲಿದೆ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಆದ ಬಿಎಸ್‌ಎಚ್-1 ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ 1980ರಲ್ಲಿ ಬಿಡುಗಡೆಯಾಯಿತು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕಾಗುವುದರಿಂದ ಅದರ ಸುತ್ತ ಒಂದು ವ್ಯಾಪಾರವೇ ಬೆಳೆಯುತ್ತದೆ. ಅದಕ್ಕೂ ಮೊದಲು, 1972ರಲ್ಲಿ, ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ಹೊರತಂದ ವರಲಕ್ಷ್ಮಿ ಹತ್ತಿ ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ಹೈಬ್ರಿಡ್. ಅದರ ಬೀಜಕ್ಕಾಗಿ ಒಂದೊಂದು ಹೂವಿನ ಕೇಸರವನ್ನೂ ಕೈಯಿಂದ ಕಿತ್ತು, ಮತ್ತೊಂದು ಗಿಡದ ಪರಾಗವನ್ನು ಕೈಯಿಂದಲೇ ಸವರಬೇಕಾಗಿತ್ತು. ಉತ್ತರ ಕರ್ನಾಟಕದ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳಿಗೆ ದೊರೆತ ಕೂಲಿ ಕೆಲಸದ ಬೇರು ಆ ಪ್ರಯೋಗದ ತಾಕಿನಲ್ಲಿದೆ.

ಇನ್ನು ಊರಾಚೆಗೆ ಸಾಗಿಸುವ ಮಾತು. ಕಟ್ಟಡವನ್ನು ಸ್ಥಳಾಂತರಿಸಬಹುದು, ಪ್ರಯೋಗದ ನೆಲವನ್ನು ಸ್ಥಳಾಂತರಿಸಲಾಗದು. ಒಂದೇ ತಾಕಿಗೆ ದಶಕಗಳ ಕಾಲ ಒಂದೇ ಪ್ರಮಾಣದ ಗೊಬ್ಬರ ಹಾಕುತ್ತ, ಪಕ್ಕದ ತಾಕಿಗೆ ಹಾಕದೆ ಬಿಡುತ್ತ, ಕೆಂಪು ಮಣ್ಣಿನಲ್ಲಿ ಏನು ಏರುತ್ತದೆ, ಏನು ಇಳಿಯುತ್ತದೆ ಎಂದು ಬರೆದಿಟ್ಟುಕೊಂಡು ಬಂದ ಪ್ರಯೋಗಗಳು ಅಲ್ಲಿವೆ. ಆ ನೆಲದಲ್ಲಿ ಅಡಿಪಾಯ ತೋಡಿದ ದಿನ ಆ ವರ್ಷಗಳೆಲ್ಲ ಹೋದಂತೆಯೇ. ದೇವನಹಳ್ಳಿಯಾಚೆ ಹೊಸ ಜಮೀನು ಕೊಟ್ಟರೆ ಮೊದಲ ವರ್ಷದಿಂದ ಮತ್ತೆ ಎಣಿಸಬೇಕು. 1899ರಲ್ಲಿ ರೀಜೆಂಟ್ ಮಹಾರಾಣಿಯಾಗಿದ್ದ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ನೆಲವನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟಾಗ ಅದೂ ಕೆರೆಯ ಪಕ್ಕದ ಒಳ್ಳೆಯ ಜಮೀನೇ ಆಗಿತ್ತು. ಅಲ್ಲಿ ಬೆಳೆದ ಕೃಷಿ ಶಾಲೆ, ಕಾಲೇಜುಗಳ ಮೇಲೆಯೇ 1964ರಲ್ಲಿ ವಿಶ್ವವಿದ್ಯಾಲಯ ನಿಂತದ್ದು.

ತಾವು ಬೇಸಿಗೆಯಲ್ಲಿ ಅವರೆಕಾಯಿ ಕೊಂಡಿದ್ದರೆ ಈ ಹೊಲದ ಫಲವನ್ನು ಉಂಡಿದ್ದೀರಿ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ, ಆದ್ದರಿಂದ ಅದು ಚಳಿಗಾಲದ ಬೆಳೆ. ಹಗಲಿನ ಉದ್ದಕ್ಕೆ ಕಾಯದೆ ಯಾವಾಗ ಬಿತ್ತಿದರೂ ಹೂ ಬಿಡುವ ಹೆಬ್ಬಾಳ ಅವರೆ 3 ಮತ್ತು 4 ಇಲ್ಲಿಂದ ಬಂದವು. ಮಾಗಿಯ ಅವರೆಯ ಸೊಗಡು ಅವಕ್ಕೆ ಇಲ್ಲ ಎನ್ನುವವರಿದ್ದಾರೆ, ಆ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಕೊಳವೆಬಾವಿಯ ಅರ್ಧ ಎಕರೆಯಲ್ಲಿ ವರ್ಷಕ್ಕೆ ಎರಡು ಬಾರಿ ಅವರೆ ಬಿಡಿಸಿ ಮಾರುಕಟ್ಟೆಗೆ ತರುವ ಕುಟುಂಬಕ್ಕೆ ಆ ತಳಿ ಏನೆಂಬುದು ಸೊಗಡಿನಿಂದ ಅಳೆಯುವ ವಿಷಯವಲ್ಲ.

ಪ್ರಶ್ನೆ: ಬೆಂಗಳೂರಿಗೆ ಕೈಗಾರಿಕೆಗಳು ಬಂದದ್ದು ತಂಪಾದ ಹವೆಗಾಗಿ ಎಂದು ನಮ್ಮ ಉಪನ್ಯಾಸಕರು ಹೇಳುತ್ತಾರೆ; ಇಲ್ಲಿನ ವಿದ್ಯಾಸಂಸ್ಥೆಗಳಿಂದ ಎಂದು ನಮ್ಮ ತಂದೆ ಹೇಳುತ್ತಾರೆ. ಯಾವುದು ಸರಿ?
(ಓದುಗರು, ರಾಜಾಜಿನಗರ)

ಉತ್ತರ: ಹವೆ ತಂಪಾಗಿರುವ ಊರುಗಳು ದೇಶದಲ್ಲಿ ಹಲವಿವೆ. ನಿಮ್ಮ ಮನೆಗೆ ಹತ್ತಿರದ ಮೆಟ್ರೋ ನಿಲ್ದಾಣದ ಹೆಸರಿನಿಂದಲೇ ಉತ್ತರವನ್ನು ಆರಂಭಿಸುತ್ತೇನೆ: ಸ್ಯಾಂಡಲ್ ಸೋಪ್ ಫ್ಯಾಕ್ಟರಿ.

ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧ ಹರಾಜಾಗಿ, ಹಡಗು ಹತ್ತಿ ಯೂರೋಪಿಗೆ ಹೋಗುತ್ತಿತ್ತು. ಅದರಲ್ಲಿ ಬಹುಪಾಲನ್ನು ಕೊಂಡು ಎಣ್ಣೆ ಇಳಿಸುತ್ತಿದ್ದುದು ಜರ್ಮನಿಯ ಕಾರ್ಖಾನೆಗಳು. 1914ರಲ್ಲಿ ಯುದ್ಧ ಸಿಡಿದಾಗ ಆ ದಾರಿ ಒಮ್ಮೆಲೇ ಮುಚ್ಚಿ, ಸಂಸ್ಥಾನದ ಆದಾಯದ ಒಂದು ದೊಡ್ಡ ಬಾಬ್ತು ನಿಂತುಹೋಗಿ, ಮರ ಡಿಪೋಗಳಲ್ಲಿ ರಾಶಿ ಬಿದ್ದಿತು. ಆಗ ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರು, ಆಲ್ಫ್ರೆಡ್ ಚಾಟರ್ಟನ್ ಕೈಗಾರಿಕಾ ಇಲಾಖೆಯ ಮುಖ್ಯಸ್ಥರು. ಅವರಿಗೆ ಆ ಕಷ್ಟಕಾಲದಲ್ಲಿ ಸಹಾಯ ಕೇಳಲು ಕೈಗೆಟುಕುವ ದೂರದಲ್ಲೇ ಒಂದು ಪ್ರಯೋಗಾಲಯವಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದ ಚಕ್ಕೆಯಿಂದ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ಅಲ್ಲಿ ಸಿದ್ಧಪಡಿಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ತೆರೆದವು. ಎಣ್ಣೆಯ ಬೆನ್ನಿಗೇ ಸೋಪು ಬಂತು. ಅದಕ್ಕಾಗಿ ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರನ್ನು ಜನ 'ಸೋಪ್ ಶಾಸ್ತ್ರಿ' ಎಂದೇ ನೆನೆಯುತ್ತಾರೆ. ಮರವಾಗಿ ಮಾರಿದ್ದನ್ನು ಎಣ್ಣೆಯಾಗಿ, ಎಣ್ಣೆಯನ್ನು ಸೋಪಾಗಿ ಮಾರುವ ಈ ಎರಡು ಮೆಟ್ಟಿಲುಗಳಲ್ಲಿ ಉಳಿದ ಲಾಭವೂ ಕೆಲಸಗಳೂ ನಾಡಿನೊಳಗೇ ಉಳಿದವು. ಆ ಕಾರ್ಖಾನೆ ನೂರು ವರ್ಷ ದಾಟಿದ ಮೇಲೂ ರಾಜ್ಯ ಸರ್ಕಾರದ ಸ್ವತ್ತಾಗಿಯೇ ನಡೆಯುತ್ತಿದೆ.

ಇಲ್ಲಿ ಗಮನಿಸಬೇಕಾದದ್ದು ಕಾಲದ ಅನುಕ್ರಮ. ವಿಜ್ಞಾನ ಸಂಸ್ಥೆಗೆ ಜಮ್‌ಶೇಟ್‌ಜಿ ಟಾಟಾ ಅವರ ದಾನದ ಜೊತೆಗೆ ಮೈಸೂರು ಸಂಸ್ಥಾನ 371 ಎಕರೆ ನೆಲವನ್ನೂ ವಾರ್ಷಿಕ ಧನವನ್ನೂ ಕೊಟ್ಟಾಗ ಗಂಧದ ಸಮಸ್ಯೆ ಯಾರ ಕನಸಿನಲ್ಲಿಯೂ ಇರಲಿಲ್ಲ. 1909ರಲ್ಲಿ ಸಂಸ್ಥೆ ಹುಟ್ಟಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು, 1914ರಲ್ಲಿ ಕಷ್ಟ ಬಂತು. ಯುದ್ಧ ಶುರುವಾದ ಮೇಲೆ ಪ್ರಯೋಗಾಲಯ ಕಟ್ಟಲು ಹೊರಟಿದ್ದರೆ ಯುದ್ಧ ಮುಗಿಯುವ ಹೊತ್ತಿಗೆ ಗೋಡೆ ಎದ್ದಿರುತ್ತಿತ್ತು, ಅಷ್ಟೇ.

ವಿಮಾನದ ಕಥೆಯಲ್ಲಿ ಅನುಕ್ರಮ ತಿರುವುಮುರುವಾಗಿದೆ. ವಾಲ್‌ಚಂದ್ ಹೀರಾಚಂದ್ ಅವರ ಉದ್ಯಮಕ್ಕೆ ಮೈಸೂರು ಸಂಸ್ಥಾನ ಕೈಜೋಡಿಸಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1940ರ ಡಿಸೆಂಬರಿನಲ್ಲಿ ಮೊದಲಾಯಿತು. ಕೆಲಸ ಬಲ್ಲ ಎಂಜಿನಿಯರುಗಳು ಬೇಕಾದಾಗ 1942ರಲ್ಲಿ ವಿಜ್ಞಾನ ಸಂಸ್ಥೆ ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು ತೆರೆಯಿತು. ಅಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲೇ ಎಚ್‌ಎಎಲ್‌ನ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸವಾಯಿತು, ಅದು 1951ರಲ್ಲಿ ಹಾರಿತು. ಅದೇ ವಿಭಾಗದಿಂದ ಮೇಲೆ ಬಂದ ಸತೀಶ್ ಧವನ್ 1962ರಿಂದ 1981ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 1972ರಿಂದ ಇಸ್ರೋದ ಹೊಣೆಯನ್ನೂ ಹೊತ್ತರು, ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ನೆಲೆಯಾಯಿತು. ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ 1975ರಲ್ಲಿ ಹಾರಿತು. ಇಂಥ ಸಂಸ್ಥೆಗಳಿಗೆ ಸಣ್ಣ ಬಿಡಿಭಾಗ ಮಾಡಿಕೊಡುವುದನ್ನೇ ನಂಬಿದ ವರ್ಕ್‌ಶಾಪುಗಳು ಈ ಊರಿನಲ್ಲಿ ಎಷ್ಟಿವೆ ಎಂಬುದನ್ನು ಪೀಣ್ಯದಲ್ಲಿ ಒಂದು ಸುತ್ತು ಹೋದರೆ ನೀವೇ ಕಾಣಬಹುದು.

ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜನ್ನು, ಅಂದರೆ ಕೆ.ಆರ್. ವೃತ್ತದ ಯುವಿಸಿಇಯನ್ನು, ಈ ಸಾಲಿನಲ್ಲಿ ಮರೆಯಬಾರದು. ಕಡಿಮೆ ಶುಲ್ಕದಲ್ಲಿ ಓದಿದ ಸಾಮಾನ್ಯ ಮನೆಗಳ ಮಕ್ಕಳನ್ನು ಅದು ಕಾರ್ಖಾನೆಗಳಿಗೂ ಲೋಕೋಪಯೋಗಿ ಇಲಾಖೆಗೂ ಕೊಟ್ಟಿತು. ನಿಮ್ಮ ತಂದೆಯವರ ಕಡೆಗೇ ನನ್ನ ಮತ. ಆದರೆ ಸಂಸ್ಥೆ ಮೊದಲೋ ಕಾರ್ಖಾನೆ ಮೊದಲೋ ಎಂಬುದಕ್ಕೆ ಒಂದೇ ನಿಯಮವಿಲ್ಲ, ಎರಡೂ ಒಂದೇ ಊರಿನಲ್ಲಿ ಇದ್ದುದೇ ಮುಖ್ಯವಾಯಿತು ಎಂದು ಅವರಿಗೆ ಹೇಳಿ.

ಪ್ರಶ್ನೆ: ನನ್ನ ತಮ್ಮನ ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿನ ವಿಶ್ವವಿದ್ಯಾಲಯ ಪೇಟೆಂಟ್‌ಗಳಿಂದ ಹಣ ಗಳಿಸುತ್ತದೆ, ರಾಜ್ಯಕ್ಕೆ ತನ್ನಿಂದ ಎಷ್ಟು ಉದ್ಯೋಗ, ಎಷ್ಟು ವರಮಾನ ಎಂಬುದನ್ನೂ ಪ್ರಕಟಿಸುತ್ತದೆ ಎನ್ನುತ್ತಾನೆ. ನಮ್ಮವರೂ ಹಾಗೆ ಗಳಿಸಿದರೆ ಸರ್ಕಾರದ ಮುಂದೆ ಕೈಚಾಚುವುದು ತಪ್ಪುವುದಿಲ್ಲವೇ?
(ಓದುಗರು, ದೊಡ್ಡಬಳ್ಳಾಪುರ)

ಉತ್ತರ: ನಿಮ್ಮ ತಮ್ಮನ ಮಗ ಇರುವ ಊರಿನಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳಿವೆ. ಹೈನುಗಾರಿಕೆ ಇರುವ ನಿಮ್ಮ ತಾಲ್ಲೂಕಿಗೆ ಮೊದಲನೆಯದು ಚೆನ್ನಾಗಿ ಹೊಂದುತ್ತದೆ.

ನೂರಮೂವತ್ತು ವರ್ಷಗಳ ಹಿಂದೆ ಅಲ್ಲಿ ಹಾಲಿಗೆ ಬೆಲೆ ಕಟ್ಟುತ್ತಿದ್ದುದು ತೂಕ ನೋಡಿ. ಹಾಗಾಗಿ ಕೆನೆ ತೆಗೆದವನಿಗೂ ನೀರು ಬೆರೆಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ. 1890ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ ಹಾಲಿಗೆ ಗಂಧಕಾಮ್ಲ ಬೆರೆಸಿ, ಸೀಸೆಯನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಮೇಲೆ ಬಂದ ಜಿಡ್ಡನ್ನು ಅಳೆಯುವ ಸುಲಭ ಪರೀಕ್ಷೆಯನ್ನು ಕಂಡುಹಿಡಿದರು. ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಪರೀಕ್ಷೆ ಹಳ್ಳಿ ಹಳ್ಳಿಯ ಬೆಣ್ಣೆ ಕಾರ್ಖಾನೆಗಳಿಗೆ ತಲುಪಿತು, ಒಳ್ಳೆಯ ಹಾಲಿಗೆ ಒಳ್ಳೆಯ ಬೆಲೆ ಬಂತು, ಆ ರಾಜ್ಯದ ಹೈನುಗಾರಿಕೆ ಅದರ ಬಲದ ಮೇಲೆ ಬೆಳೆಯಿತು. ನಮ್ಮ ಹಾಲು ಉತ್ಪಾದಕರ ಸಂಘಗಳಲ್ಲಿ ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡಿ ಲೀಟರಿಗೆ ದರ ಕಟ್ಟುವುದರ ಹಿಂದಿರುವುದೂ ಇದೇ ನ್ಯಾಯ.

ಎರಡನೆಯ ಉತ್ತರ ಅದೇ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ ಅವರದು. ಆಹಾರದ ಮೇಲೆ ಅತಿನೇರಳೆ ಕಿರಣ ಹಾಯಿಸಿ ವಿಟಮಿನ್ ಡಿ ಹೆಚ್ಚಿಸುವ ವಿಧಾನವನ್ನು ಕಂಡುಹಿಡಿದ ಅವರು ಅದಕ್ಕೆ ಪೇಟೆಂಟ್ ಪಡೆದು, ಬರುವ ಹಣವನ್ನು ಸಂಶೋಧನೆಗೇ ಮರಳಿಸಲು 1925ರಲ್ಲಿ ಒಂದು ಪ್ರತಿಷ್ಠಾನ ನಿಲ್ಲುವಂತೆ ಮಾಡಿದರು. ಅದು ಇಂದಿಗೂ ನಡೆಯುತ್ತಿದೆ. ಎರಡೂ ಸರಿಯಾದ ನಿರ್ಧಾರಗಳೇ. ಕೊಳ್ಳುವವರು ದೊಡ್ಡ ಕಂಪನಿಗಳಾಗಿದ್ದಾಗ ಗೌರವಧನ (ರಾಯಲ್ಟಿ) ಕೇಳಬೇಕು. ಬಳಸುವವರು ಎರಡೆಕರೆಯ ರೈತರಾಗಿದ್ದಾಗ ಕೇಳಬಾರದು. ನಮ್ಮ ದೇಶದಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲಿ ಬಂತು. ತಳಿವರ್ಧಕನಿಗೆ ಹಕ್ಕು ಕೊಟ್ಟರೂ, ತಾನು ಬೆಳೆದ ಬೀಜವನ್ನು ಉಳಿಸಿ ಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡಿನ ಹೆಸರು ಹಾಕದೆ ಮಾರುವ ಹಕ್ಕನ್ನು ಅದು ರೈತನಲ್ಲೇ ಉಳಿಸಿದೆ. ನಮ್ಮ ತಂದೆಯವರ ಕಾಲದ ಸೇರಿಗೆ ಸೇರಿನ ವಿನಿಮಯಕ್ಕೆ ಈಗ ಕಾನೂನಿನ ರಕ್ಷಣೆಯಿದೆ ಎಂಬುದು ನನಗೆ ಸಂತೋಷದ ವಿಷಯ.

ಉದ್ಯೋಗ, ವರಮಾನದ ವರದಿಗಳನ್ನು ಓದುವಾಗ ಒಂದು ಎಚ್ಚರವಿರಲಿ. ಸಿಬ್ಬಂದಿಯ ಸಂಬಳ, ವಿದ್ಯಾರ್ಥಿಗಳ ಮನೆ ಬಾಡಿಗೆ, ಸುತ್ತಲಿನ ಹೋಟೆಲುಗಳ ವ್ಯಾಪಾರ ಇವನ್ನೆಲ್ಲ ಕೂಡಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ. ಅಷ್ಟೇ ಸಿಬ್ಬಂದಿಯ ಬೇರೆ ಯಾವ ಕಚೇರಿ ಇದ್ದರೂ ಆ ಸಂಬಳ, ಆ ಬಾಡಿಗೆ ಹುಟ್ಟುತ್ತಿತ್ತು. ವಿಶ್ವವಿದ್ಯಾಲಯ ಇಲ್ಲದಿದ್ದರೆ ಇರುತ್ತಲೇ ಇರಲಿಲ್ಲ ಎನ್ನಬಹುದಾದದ್ದನ್ನು ಮಾತ್ರ ಅದರ ಕೊಡುಗೆ ಎಂದು ಎಣಿಸಬೇಕು. ಹಾಗೆ ಎಣಿಸಲು ಹೊರಟರೆ ಕೆಲವು ಸಂಗತಿಗಳು ರೂಪಾಯಿಗೆ ಸಿಗುವುದೇ ಇಲ್ಲ. ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಗೆ ಹೋಗಿ, ಹೆಂಗಸರು ಸೌದೆಗಾಗಿ ಎಷ್ಟು ಹೊತ್ತು ನಡೆಯುತ್ತಾರೆ ಎಂಬುದರಿಂದ ಅಧ್ಯಯನ ಶುರುಮಾಡಿದರು. ಅಲ್ಲಿಂದ ಬಂದ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸಿತು. ನಮ್ಮ ತಾಯಿಯವರು ಆ ಒಲೆಯ ಮುಂದೆ ಕಣ್ಣೊರೆಸಿಕೊಳ್ಳದೆ ಮುದ್ದೆ ತಿರುವುತ್ತಿದ್ದುದನ್ನು ನಾನು ಕಂಡಿದ್ದೇನೆ. ತಪ್ಪಿದ ಕೆಮ್ಮು, ಉಳಿದ ಸೌದೆ, ಮಿಕ್ಕ ಹೊತ್ತು ರಾಜ್ಯದ ಉತ್ಪನ್ನದ ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ.

ಆದ್ದರಿಂದ ಸ್ವಂತ ಗಳಿಕೆ ಇರಲಿ, ಅದು ಒಳ್ಳೆಯದೇ. ಆದರೆ ಗಳಿಕೆಯನ್ನೇ ಷರತ್ತು ಮಾಡಿದರೆ ವಿಶ್ವವಿದ್ಯಾಲಯ ರಾಗಿಯನ್ನೂ ಒಲೆಯನ್ನೂ ಬಿಟ್ಟು, ಹಣ ಕೊಡಬಲ್ಲವರ ಕೆಲಸವನ್ನು ಮಾತ್ರ ಮಾಡತೊಡಗುತ್ತದೆ. ಸರ್ಕಾರ ಕೊಡುವುದನ್ನು ಕೈಚಾಚಿ ಪಡೆದದ್ದು ಎಂದು ನಾನು ಕರೆಯಲಾರೆ.

ಪ್ರಶ್ನೆ: ನಾನು ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಅತಿಥಿ ಉಪನ್ಯಾಸಕಿ. ವಾರಕ್ಕೆ ಇಷ್ಟು ಗಂಟೆ ಎಂದು ಪಾಠ ಮಾಡಿ ಮನೆಗೆ ಬರುವ ನಮ್ಮಂಥವರಿಂದ ಆರ್ಥಿಕತೆಗೆ ಏನಾದೀತು?
(ಓದುಗರು, ಕೆಂಗೇರಿ)

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿನ ನೋವು ನನಗೆ ಅರ್ಥವಾಗುತ್ತದೆ, ಅದಕ್ಕೆ ಸಮಾಧಾನದ ಮಾತು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ನೀವು ಪಾಠ ಹೇಳಿದ ಮಕ್ಕಳು ನಾಳೆ ಶಾಲೆಗಳಲ್ಲಿ, ಔಷಧ ಕಂಪನಿಗಳ ಪ್ರಯೋಗಾಲಯಗಳಲ್ಲಿ, ಬ್ಯಾಂಕುಗಳಲ್ಲಿ ಕೆಲಸ ಮಾಡುತ್ತಾರೆ. ಅದು ನಿಜವಾದ ಕೊಡುಗೆ. ಆದರೆ ಖಾಯಂ ಹುದ್ದೆಗಳನ್ನು ಖಾಲಿ ಬಿಟ್ಟು ಅತಿಥಿ ಉಪನ್ಯಾಸಕರಿಂದ ತರಗತಿ ತುಂಬಿಸುವ ವಿಶ್ವವಿದ್ಯಾಲಯದಲ್ಲಿ ಪಾಠ ನಡೆದರೂ ಸಂಶೋಧನೆ ನಡೆಯುವುದಿಲ್ಲ. ಒಂದು ರಾಗಿ ತಳಿಗೆ ಹತ್ತು ಸುಗ್ಗಿಗಳು ಬೇಕು. ಮುಂದಿನ ಜೂನ್‌ನಲ್ಲಿ ತಾನು ಅಲ್ಲಿರುತ್ತೇನೋ ಇಲ್ಲವೋ ತಿಳಿಯದವರು ಹತ್ತು ಸುಗ್ಗಿಗಳ ಪ್ರಯೋಗವನ್ನು ಹೇಗೆ ಹೂಡಿಯಾರು? ಈ ನಷ್ಟ ಈ ವರ್ಷದ ಬಜೆಟ್ಟಿನಲ್ಲಿ ಉಳಿತಾಯವಾಗಿ ಕಾಣುತ್ತದೆ, ಇಪ್ಪತ್ತು ವರ್ಷಗಳ ಬಳಿಕ ಬರದ ತಳಿಯಾಗಿ, ಹುಟ್ಟದ ಕಾರ್ಖಾನೆಯಾಗಿ ನಾಡಿಗೆ ತಟ್ಟುತ್ತದೆ. ಇದನ್ನು ಹೇಳಬೇಕಾದವರು ನೀವೊಬ್ಬರೇ ಅಲ್ಲ, ಮಕ್ಕಳನ್ನು ಅಲ್ಲಿಗೆ ಕಳಿಸುವ ನಾವೆಲ್ಲರೂ ಶಾಸಕರನ್ನು ಕೇಳಬೇಕು. ನಿಮ್ಮ ಮಟ್ಟದಲ್ಲಿ ಒಂದು ದಾರಿಯಿದೆ: ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಬಹುಕಾಲದಿಂದ ಸಣ್ಣ ಮೊತ್ತದ ಧನಸಹಾಯ ಕೊಡುತ್ತಿದೆ. ನಿಮ್ಮ ವಿಭಾಗಕ್ಕೆ ಅನ್ವಯಿಸುವ ಯೋಜನೆ ಅಲ್ಲಿದೆಯೇ ಎಂದು ವಿಚಾರಿಸಿ.

ಪ್ರಶ್ನೆ: ಮನೆಯಲ್ಲೇ ರಾಗಿ ಬಿಸ್ಕತ್ತು, ರಾಗಿ ಮಾಲ್ಟ್ ಮಾಡಿ ಮಾರುತ್ತಿದ್ದೇನೆ. ಪಿಯುಸಿವರೆಗೆ ಓದಿದ್ದೇನೆ. ವಿಶ್ವವಿದ್ಯಾಲಯದ ಬಾಗಿಲು ನನ್ನಂಥವರಿಗೆ ತೆರೆದಿದೆಯೇ?
(ಓದುಗರು, ಸಹಕಾರನಗರ)

ಉತ್ತರ: ತೆರೆದಿದೆಯಮ್ಮಾ, ಅದೂ ನಿಮ್ಮ ಮನೆಗೆ ಹತ್ತಿರದಲ್ಲೇ. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಆವರಣದಲ್ಲಿ ಬೇಕರಿ ತರಬೇತಿ ಘಟಕವಿದೆ; ಈ ಊರಿನ ಅನೇಕ ಬೇಕರಿಗಳ ಮಾಲೀಕರು ಕಲಿತದ್ದು ಅಲ್ಲಿಯೇ. ಪದವಿಯಿಲ್ಲದವರಿಗೂ ಸರಿಹೊಂದುವ ಅಲ್ಪಾವಧಿಯ ತರಗತಿಗಳು ಅಲ್ಲಿ ನಡೆಯುತ್ತವೆ, ರಾಗಿಯಂಥ ಸಿರಿಧಾನ್ಯಗಳ ತಿನಿಸುಗಳನ್ನೂ ಕಲಿಸುತ್ತಾರೆ. ನವೆಂಬರಿನಲ್ಲಿ ಜಿಕೆವಿಕೆಯಲ್ಲಿ ನಡೆಯುವ ಕೃಷಿ ಮೇಳಕ್ಕೆ ತಪ್ಪದೆ ಹೋಗಿ. ಮೊದಲ ದಿನ ಬೆಳಿಗ್ಗೆಯೇ ಹೋದರೆ ಜನಸಂದಣಿ ಕಡಿಮೆ, ಮಳಿಗೆಯಲ್ಲಿರುವ ವಿಜ್ಞಾನಿಗಳು ನಿಂತು ಮಾತಾಡುತ್ತಾರೆ. ಹೋಗುವಾಗ ನಿಮ್ಮ ಬಿಸ್ಕತ್ತಿನ ಒಂದು ಪೊಟ್ಟಣ, ಅದರಲ್ಲಿ ಹಾಕಿದ ಸಾಮಗ್ರಿಗಳ ಅಳತೆ ಬರೆದ ಚೀಟಿ, ಎಷ್ಟು ದಿನಕ್ಕೆ ಮೆತ್ತಗಾಗುತ್ತದೆ ಎಂಬ ವಿವರ ಇವಿಷ್ಟನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.